ಮೂಗಿನೊಳಗಿನ ತೂತು

ನನ್ನ ಸೋದರಮಾವ ಮಲಗಿ ನಿದ್ದೆ ಹೋದರೆ ಸಿಳ್ಳು ಹಾಕುತ್ತಿದ್ದರು. ಗೊರಕೆಯ ಮಾತಲ್ಲ ಇದು. ನಮ್ಮ ವಂಶದಲ್ಲಿ ಗೊರಕೆ ಹೊಡೆಯದವರು ಯಾರು? ಇದು ಬೇರೆ. ಉಸಿರು ಒಳಗೆ ಹೋಗುವಾಗ ಸಣ್ಣಗೆ, ಹೊರಗೆ ಬರುವಾಗ ಇನ್ನೂ ಸಣ್ಣಗೆ, ದೂರದಲ್ಲಿ ಯಾರೋ ಹುಡುಗ ಮಾವಿನ ವಾಟೆಯ ಪೀಪಿ ಊದಿದ ಹಾಗೆ ಕೇಳಿಸುತ್ತಿತ್ತು. ಬೇಸಗೆಯ ರಜದಲ್ಲಿ ಮಾವನ ಮನೆಗೆ ಬಂದ ನಾವು ಐದಾರು ಮಕ್ಕಳು ನಡುಮನೆಯಲ್ಲಿ ಸಾಲಾಗಿ ಮಲಗಿ, ಆ ಸಿಳ್ಳಿಗಾಗಿ ಕಾದು, ಬಂದೊಡನೆ ಹೊದಿಕೆಯೊಳಗೆ ಮುಖ ಹುದುಗಿಸಿ ನಗುತ್ತಿದ್ದೆವು. ಒಂದು ಸಲ ನಾನು ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಎಲ್ಲರೆದುರಿಗೆ ಅದನ್ನು ಅಣಕಿಸಿ ತೋರಿಸಿದೆ. ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅಮ್ಮ ಮಾತ್ರ ನನ್ನ ಕಿವಿ ಹಿಂಡಿದಳು.

ಮಾವ ಬೆಂಗಳೂರಿನ ಪೇಟೆಯ ಒಂದು ಗಲ್ಲಿಯಲ್ಲಿ ಪ್ಲೇಟಿಂಗ್ ಕೆಲಸಕ್ಕಿದ್ದರು. ಊರಿನವರು ಕೇಳಿದರೆ ಅಜ್ಜಿ "ಕಲಾಯಿ ಹಾಕೋ ಕಾರ್ಖಾನೆ" ಎನ್ನುತ್ತಿದ್ದಳು, ಮಾವ ತಿದ್ದುತ್ತಿದ್ದರು: "ಕಲಾಯಿ ಅಲ್ಲಮ್ಮ, ಕ್ರೋಮಿಯಂ." ಸೈಕಲ್ಲಿನ ಹ್ಯಾಂಡಲು, ಗಂಟೆ, ನಲ್ಲಿ, ಕುರ್ಚಿಯ ಕೊಳವೆಕಾಲು, ಇವೆಲ್ಲ ಅವರ ತೊಟ್ಟಿಯಲ್ಲಿ ಮುಳುಗಿ ಎದ್ದು ಕನ್ನಡಿಯಾಗುತ್ತಿದ್ದವು. ನಾನು ಹೈಸ್ಕೂಲು ಸೇರಿದ ವರ್ಷ ಅವರು ಒಂದು ಹಳೆಯ ಸೈಕಲ್ಲು ತಂದುಕೊಟ್ಟರು. ಸೈಕಲ್ಲು ಹಳೆಯದಾದರೂ ಹ್ಯಾಂಡಲು ಅವರೇ ತೊಟ್ಟಿಗೆ ಬಿಟ್ಟು ತೆಗೆದದ್ದು. ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ಬಾಚಬಹುದಾಗಿತ್ತು.

ಅವರ ಕೈಬೆರಳುಗಳ ಗೆಣ್ಣಿನ ಮೇಲೆ, ಉಗುರಿನ ಬುಡದಲ್ಲಿ, ಉರುಟಾದ ಸಣ್ಣ ಗುಳಿಗಳಿದ್ದವು. ಯಾರೋ ಚಮ್ಮಾರನ ಉಳಿಯಿಂದ ಕೊರೆದಂತೆ, ಅಂಚು ಎದ್ದು ನಡುವೆ ತಗ್ಗು. ಕೆಲವು ಮಾಗಿದ ಕಲೆಗಳು, ಕೆಲವು ಹಸಿ. ಅತ್ತೆ ರಾತ್ರಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುವಳು. "ನೋಯಲ್ವಾ ಮಾವ?" ಎಂದರೆ, "ಇಲ್ಲ ಕಣೋ, ಅದೇ ಅದರ ವಿಶೇಷ" ಎನ್ನುವರು. ಆ ಮಾತಿನಲ್ಲಿ ಎಷ್ಟು ವೈದ್ಯಶಾಸ್ತ್ರ ಅಡಗಿತ್ತೆಂಬುದು ನನಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು.

1977ರಲ್ಲಿ ಮಾವನಿಗೆ ಮೂಗಿನಿಂದ ರಕ್ತ ಬರತೊಡಗಿತು. ಆ ಹೊತ್ತಿಗೆ ನಾನು ರಸಾಯನಶಾಸ್ತ್ರದ ಮೇಷ್ಟರಾಗಿ ಎರಡು ವರ್ಷ ಕಳೆದಿತ್ತು. ಓದಿದವನೆಂದು ನನ್ನನ್ನೇ ಜತೆಗೆ ಕಳಿಸಿದರು. ವೈದ್ಯರು ಮಾವನ ಬಲಹೊಳ್ಳೆಗೆ ಸಣ್ಣ ಟಾರ್ಚು ಹಿಡಿದರು. ಎಡಹೊಳ್ಳೆ ಬೆಳಗಿತು. ನಾನು ನಿಂತಲ್ಲಿಂದಲೇ ಅದನ್ನು ನೋಡಿದೆ. ಬಾಗಿಲು ಮುಚ್ಚಿದ ಕೋಣೆಯ ಗೋಡೆಯಲ್ಲಿ ಬಿರುಕು ಬಿಟ್ಟು ಪಕ್ಕದ ಕೋಣೆಯ ದೀಪ ಕಂಡಂತೆ. "ಈ ತೂತು ಎಷ್ಟು ವರ್ಷದಿಂದ ಇದೆ?" ಎಂದರು ವೈದ್ಯರು. ಮಾವ ನನ್ನ ಮುಖ ನೋಡಿದರು. "ಯಾವ ತೂತು, ಡಾಕ್ಟ್ರೇ?"

ಸಿಳ್ಳಿನ ಮೂಲ ಅದು.

ಸುಡುವುದೆಂದರೆ ನಮಗೆ ಮೊದಲು ನೆನಪಾಗುವುದು ಬೆಂಕಿ. ಬೆಂಕಿಯಿಲ್ಲದೆ ಸುಡುವ ಪದಾರ್ಥಗಳನ್ನು ಮನುಷ್ಯ ಮಣಗಟ್ಟಲೆ ತಯಾರಿಸತೊಡಗಿದ್ದು ಈಚಿನ ಇನ್ನೂರು ಮುನ್ನೂರು ವರ್ಷಗಳ ಮಾತು. ಬಟ್ಟೆ, ಗಾಜು, ಸೋಪು, ಕಾಗದ, ಇವುಗಳ ಹಸಿವಿಗೆ ಇಂಗ್ಲೆಂಡಿನಲ್ಲಿ 19ನೆಯ ಶತಮಾನದಲ್ಲಿ ಕ್ಷಾರದ ಕಾರ್ಖಾನೆಗಳೆದ್ದವು. ಲ್ಯಾಂಕಾಷೈರಿನ ವಿಡ್ನೆಸ್, ಸೇಂಟ್ ಹೆಲೆನ್ಸ್ ಊರುಗಳಲ್ಲಿ ಉಪ್ಪಿಗೆ ಗಂಧಕಾಮ್ಲ ಸುರಿದು ಬೇಯಿಸುವ ಕೆಲಸದವರ ಹಲ್ಲುಗಳು ಆಮ್ಲದ ಹಬೆಗೆ ಕರಗಿ ಮೋಟಾಗುತ್ತಿದ್ದವು. ಚೆಲುವೆಪುಡಿ ತುಂಬುವವರು ಬಾಯಿ ಮೂಗಿಗೆ ಫ್ಲಾನೆಲ್ ಬಟ್ಟೆಯನ್ನು ಪದರಪದರವಾಗಿ ಬಿಗಿದುಕೊಂಡು, ಬಾಯಿಂದ ಉಸಿರೆಳೆದು, ಒಂದಿಷ್ಟು ಹೊತ್ತು ಒಳಗಿದ್ದು ಓಡಿ ಹೊರಗೆ ಬರುತ್ತಿದ್ದರು. 1863ರಲ್ಲಿ ಪಾರ್ಲಿಮೆಂಟು ಈ ಕಾರ್ಖಾನೆಗಳ ಮೇಲೊಂದು ಕಾಯಿದೆ ತಂದಿತು: ಹೊಗೆಗೊಳವೆಯಿಂದ ಹೋಗುವ ಆಮ್ಲಾನಿಲದಲ್ಲಿ ನೂರಕ್ಕೆ 95 ಪಾಲನ್ನು ಹಿಡಿದಿಡಬೇಕು. ಕೇಳಲು ಬಹಳ ಚೆನ್ನಾಗಿದೆ. ಆದರೆ ಆ ಕಾಯಿದೆಗಾಗಿ ಗಲಾಟೆ ಮಾಡಿದವರು ಜಮೀನುದಾರರು. ಅನಿಲದಿಂದ ಅವರ ಮರಗಳು ಬೋಳಾಗಿದ್ದವು, ಬೆಳೆ ಒಣಗಿತ್ತು. ಗೋಡೆಯ ಆಚೆಗಿನ ಮರಕ್ಕೆ ಕಾನೂನು ಸಿಕ್ಕಿತು, ಈಚೆಗಿನ ಮನುಷ್ಯನ ಹಲ್ಲಿನ ಮಾತು ಅದರಲ್ಲಿರಲಿಲ್ಲ.

ಅದಿರಲಿ. ನನ್ನ ಮಾವನ ಮೂಗಿನ ಚರಿತ್ರೆ ಹುಡುಕುತ್ತ ಹೊರಟ ನಾನು ಹೋಗಿ ಸೇರಿದ್ದು ಇಂಗ್ಲೆಂಡಿಗಲ್ಲ, ಸ್ಕಾಟ್ಲೆಂಡಿಗೆ. ಗ್ಲಾಸ್ಗೋ ನಗರದ ಅಂಚಿನಲ್ಲಿ ಕ್ಲೈಡ್ ನದಿಯ ದಡದ ರದರ್‌ಗ್ಲೆನ್ ಎಂಬ ಊರಿಗೆ. ಕ್ರೋಮಿಯಂ ಧಾತುವನ್ನು ಮೊದಲು ಬೇರ್ಪಡಿಸಿದವನು ಫ್ರಾನ್ಸಿನ ವೊಕ್ಲೆ. 1797ರಲ್ಲಿ ಸೈಬೀರಿಯದ ಒಂದು ಕೆಂಪು ಖನಿಜದಲ್ಲಿ ಅವನು ಅದನ್ನು ಕಂಡ. ಅದರ ಲವಣಗಳು ಹಳದಿ, ಕಿತ್ತಳೆ, ಹಸಿರು ಎಂದು ಹೋಳಿಯಾಡುವುದನ್ನು ನೋಡಿ ಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟರು. ಬಟ್ಟೆಗೆ ಬಣ್ಣ ಹಾಕುವವರು ಅದನ್ನು ಬಿಡುತ್ತಾರೆಯೆ? ಗ್ಲಾಸ್ಗೋ ಸುತ್ತಿನ ಬಣ್ಣದ ಮನೆಗಳಿಗೆ, ಕೆಂಪು ಬಟ್ಟೆಯ ಮೇಲೆ ಹಳದಿ ಹೂ ಮೂಡಿಸುವವರಿಗೆ, ಬೈಕ್ರೋಮೇಟ್ ಬೇಕೇಬೇಕಾಯಿತು. ಅಲ್ಲಿಗೆ ಹತ್ತಿರದ ಲೆವನ್ ಕಣಿವೆಯ ಕೆಂಪು ಬಟ್ಟೆ ನವಿಲಿನ ಚಿತ್ರ ಹೊತ್ತು ಹಡಗೇರಿ ಭಾರತಕ್ಕೇ ಬರುತ್ತಿತ್ತು. ನಮ್ಮ ಮುತ್ತಜ್ಜಿಯರ ಪೆಟ್ಟಿಗೆಯಲ್ಲೂ ಒಂದು ತುಂಡು ಇದ್ದಿದ್ದರೆ ಆಶ್ಚರ್ಯವಿಲ್ಲ.

ಈ ಪದಾರ್ಥ ಕೈ ಸುಡುತ್ತದೆಂದು ಮೊದಲು ಬರೆದವನು ವಿಲಿಯಂ ಕ್ಯುಮಿನ್ ಎಂಬ ಗ್ಲಾಸ್ಗೋದ ವೈದ್ಯ, 1827ರಲ್ಲಿ. ಬಣ್ಣದ ತೊಟ್ಟಿಗೆ ಕೈಯದ್ದುವವರ ಮೈಮೇಲೆ ಆಳಕ್ಕೆ ಕೊರೆಯುವ ಹುಣ್ಣುಗಳಾಗುವುದನ್ನು ಅವನು ವರ್ಣಿಸಿದ. ಆ ಲೇಖನದ ತಲೆಬರಹ ನೋಡಿ ನನಗೆ ಕುಳಿತಲ್ಲೇ ನಗು ಬಂತು. ಅದರ ಮೊದಲರ್ಧ ಮದಾರ್ ಎಂಬ ಭಾರತದ ಗಿಡದ ಔಷಧಗುಣದ ಬಗೆಗೆ. ಮದಾರ್ ಎಂದರೆ ನಮ್ಮ ಎಕ್ಕ! ರಥಸಪ್ತಮಿಯ ದಿನ ತಲೆಯ ಮೇಲೆ ಎಲೆಯಿಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಆ ಎಕ್ಕ; ಹಾಲು ಕಣ್ಣಿಗೆ ತಾಗೀತು ಜೋಕೆ ಎಂದು ಹಿರಿಯರು ಎಚ್ಚರಿಸುವ ಎಕ್ಕ. ಒಂದೇ ಲೇಖನದಲ್ಲಿ ನಮ್ಮ ಬೇಲಿಯ ಗಿಡವೂ ನನ್ನ ಮಾವನ ರೋಗವೂ ನೂರೈವತ್ತು ವರ್ಷ ಮೊದಲೇ ಒಂದರ ಪಕ್ಕ ಒಂದು ಕುಳಿತಿದ್ದವು.

ರದರ್‌ಗ್ಲೆನ್ನಿನ ಷಾಫೀಲ್ಡ್ ಕಾರ್ಖಾನೆ ವೈಟ್ ಮನೆತನದ್ದು. 1820ರಲ್ಲಿ ಶುರುವಾದ ಅದು ಕಾಲಕ್ರಮದಲ್ಲಿ ಬ್ರಿಟನ್ನಿನ ಬೈಕ್ರೋಮೇಟಿನ ದೊಡ್ಡ ಮನೆಯಾಯಿತು. ಕೆಲಸದ ಬಗೆ ಹೀಗೆ: ಕ್ರೋಮಿಯಂ ಅದಿರನ್ನು ಹಿಟ್ಟಿನಂತೆ ಬೀಸಿ, ಸುಣ್ಣ, ಕ್ಷಾರ ಬೆರೆಸಿ, ಕುಲುಮೆಯಲ್ಲಿ ಗಂಟೆಗಟ್ಟಲೆ ಹುರಿಯಬೇಕು. ಹುರಿಯುವಾಗ ಉದ್ದನೆಯ ಕಬ್ಬಿಣದ ಕೈಗಳಿಂದ ಕೆದಕುತ್ತಿರಬೇಕು. ಹುರಿದದ್ದನ್ನು ಬಿಸಿನೀರಿನಲ್ಲಿ ನೆನೆಸಿದರೆ ಹಳದಿ ದ್ರಾವಣ ಇಳಿಯುತ್ತದೆ; ಅದಕ್ಕೆ ಗಂಧಕಾಮ್ಲ ಕೂಡಿಸಿದರೆ ಕಿತ್ತಳೆಯಾಗುತ್ತದೆ; ಕುದಿಸಿ ಆರಿಸಿದರೆ ಹರಳು. ಬೀಸುವಲ್ಲಿ ಧೂಳು, ಕೆದಕುವಲ್ಲಿ ಧೂಳು, ಕುದಿಸುವಲ್ಲಿ ಹಬೆ, ತುಂಬುವಲ್ಲಿ ಮತ್ತೆ ಧೂಳು. ಆ ಹರಳು ಎಂಥ ಚೆಂದದ್ದೆಂದು ನಾನು ಹೇಳಬಲ್ಲೆ. ಮೂವತ್ತು ವರ್ಷ ಅದನ್ನು ಬಾಟಲಿಯಲ್ಲಿಟ್ಟು ಮಕ್ಕಳಿಗೆ ತೋರಿಸಿದವನು ನಾನು. ಪಿಪೆಟ್ಟನ್ನು ಬಾಯಿಗಿಟ್ಟು ಅದರ ದ್ರಾವಣವನ್ನು ಎಳೆದದ್ದೂ ಉಂಟು.

ಕ್ರೋಮಿಯಂಗೆ ಎರಡು ಮುಖ. ಸ್ಟೀಲ್ ಪಾತ್ರೆಯಲ್ಲಿ ಲೋಹವಾಗಿ ಕುಳಿತದ್ದು ನಿರುಪದ್ರವಿ. ಮೂರು ವೇಲೆನ್ಸಿಯ ಹಸಿರು ಲವಣವೂ ಹೆಚ್ಚುಕಡಮೆ ಸಾಧು. ಆರು ವೇಲೆನ್ಸಿಯ ಹಳದಿ-ಕಿತ್ತಳೆ ರೂಪ ಮಾತ್ರ ಕ್ರೂರ. ಗಾಯವಿಲ್ಲದ ಚರ್ಮವನ್ನು ಅದರ ತೆಳು ದ್ರಾವಣ ತಟ್ಟನೆ ಸುಡುವುದಿಲ್ಲ. ಒಂದು ಗೀರು, ಉಗುರಿನ ಪಕ್ಕ ಕಿತ್ತ ಸಿಬಿರು, ಅಷ್ಟು ಸಾಕು. ಅಲ್ಲಿಂದ ಇಳಿದು, ಸಿಕ್ಕಿದ ಮಾಂಸವನ್ನು ಸುಟ್ಟು ತಾನು ಹಸಿರಾಗುತ್ತ, ಒಮ್ಮೊಮ್ಮೆ ಎಲುಬಿನವರೆಗೂ ಹೋಗುತ್ತದೆ. ಮೂಗಿನಲ್ಲಿ ಹಾದಿ ಇನ್ನೂ ಸುಲಭ. ಎರಡು ಹೊಳ್ಳೆಗಳ ನಡುವಣ ಮೆದುಎಲುಬಿನ ಗೋಡೆಗೆ ತನ್ನದೇ ರಕ್ತನಾಳಗಳಿಲ್ಲ. ಮೇಲಿನ ತೆಳು ಪೊರೆ ಕೊಡುವ ಆಹಾರದಿಂದಲೇ ಅದು ಬದುಕಬೇಕು. ಪೊರೆ ಸುಟ್ಟರೆ ಗೋಡೆ ಸಾಯುತ್ತದೆ. ತೀಟೆ, ಸೀನು, ಒಂದಿಷ್ಟು ಹೊಪ್ಪಳಿಕೆ. ನೆಗಡಿಯೆಂದುಕೊಂಡು ಇರುವಾಗಲೇ ತೂತು ಬಿದ್ದು ಮುಗಿದಿರುತ್ತದೆ. ನೋವಿಲ್ಲ. ಮಾವ ಹೇಳಿದ್ದು ಸರಿ, ಅದೇ ಅದರ ವಿಶೇಷ.

ಸ್ಕಾಟ್ಲೆಂಡಿನ ಕೂಲಿಗಳು ಇವಕ್ಕೆ ಕೊಟ್ಟ ಹೆಸರು ಕ್ರೋಮ್ ತೂತು. ವೈದ್ಯರ ಲ್ಯಾಟಿನ್ ಹೆಸರಿಗಿಂತ ಇದು ಮೇಲು.

ಫ್ರಾನ್ಸಿನಲ್ಲಿ ಬೇಕೂರ್ ಮತ್ತು ಶೆವಾಲಿಯೆ ಎಂಬಿಬ್ಬರು 1863ರಲ್ಲಿ ಬೈಕ್ರೋಮೇಟ್ ಕೆಲಸಗಾರರನ್ನು ಕುರಿತು ಬರೆಯುವಾಗ ಒಂದು ವಿಚಿತ್ರವನ್ನು ಗುರುತಿಸಿದರು: ನಶ್ಯ ಸೇದುವವರ ಮೂಗು ಉಳಿಯುತ್ತಿತ್ತು. ಪುಡಿಯ ಪದರ ಅಡ್ಡವಾಗುತ್ತದೆ, ಮೇಲಿಂದ ಮೇಲೆ ಸೀನಿ ಸಿಂಬಳ ತೆಗೆಯುವುದರಿಂದ ಧೂಳು ನಿಲ್ಲುವುದಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ತಾತ ನೆನಪಾದರು. ನಶ್ಯದ ಡಬ್ಬಿಯಿಲ್ಲದೆ ಅವರು ಸಂಧ್ಯಾವಂದನೆಗೂ ಕೂರುತ್ತಿರಲಿಲ್ಲ. ಅಜ್ಜಿ ಅವರ ಕರವಸ್ತ್ರ ಒಗೆದೂ ಒಗೆದೂ ಬೇಸತ್ತು, ಮಗನಿಗಾದರೂ ಆ ಚಟ ಹತ್ತದಂತೆ ದೇವರ ಮುಂದೆ ಆಣೆ ಹಾಕಿಸಿದ್ದಳು. ಮಾವ ಆಣೆಯನ್ನು ಕೊನೆಯವರೆಗೂ ನಡೆಸಿದರು.

ಷಾಫೀಲ್ಡಿನ ಒಡೆಯರಲ್ಲಿ ಜಾನ್ ಕ್ಯಾಂಬೆಲ್ ವೈಟ್ ದೊಡ್ಡ ದಾನಿ. 1893ರಲ್ಲಿ ಲಾರ್ಡ್ ಓವರ್‌ಟೌನ್ ಎಂಬ ಬಿರುದು ಬಂತು. ಧರ್ಮಪ್ರಚಾರಕ್ಕೆ, ಮಿಷನ್ನುಗಳಿಗೆ ವರ್ಷಕ್ಕೆ ಸುಮಾರು 10,000 ಪೌಂಡ್ ಕೊಡುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ಭಾನುವಾರವನ್ನು ದೇವರ ದಿನವೆಂದು ಕಟ್ಟುನಿಟ್ಟಾಗಿ ನಡೆಸಬೇಕೆಂದು ಹೋರಾಡಿದವರ ಮುಂದಾಳುಗಳಲ್ಲಿ ಆತನೊಬ್ಬ. 1899ರಲ್ಲಿ ಅವನ ಕಾರ್ಖಾನೆಯ ಕೂಲಿಗಳು ಮುಷ್ಕರ ಹೂಡಿದರು. ಆಗ ಕೀರ್ ಹಾರ್ಡಿ ಅಲ್ಲಿಗೆ ದೃಷ್ಟಿ ಹಾಯಿಸಿದ. ಹಾರ್ಡಿ ಅದೇ ಲ್ಯಾನಾರ್ಕ್‌ಷೈರಿನವನು, ಹತ್ತನೆಯ ವಯಸ್ಸಿನಲ್ಲಿ ಕಲ್ಲಿದ್ದಲ ಗಣಿಗೆ ಇಳಿದವನು. ಒಮ್ಮೆ ಪಾರ್ಲಿಮೆಂಟಿಗೆ ಹೋಗಿ ಸೋತು, ಆಗ ತನ್ನ ಪತ್ರಿಕೆಯನ್ನು ನಡೆಸಿಕೊಂಡಿದ್ದ. (1907ರಲ್ಲಿ ಭಾರತಕ್ಕೂ ಬಂದು ನಮ್ಮವರ ಪರವಾಗಿ ಮಾತನಾಡಿ ಆಂಗ್ಲ ಪತ್ರಿಕೆಗಳ ಬೈಗುಳ ತಿಂದವನು ಈತನೇ.) ಅವನು ಬರೆದ ಕಿರುಹೊತ್ತಗೆಯ ಹೆಸರು 'ವೈಟ್ ಸ್ಲೇವ್ಸ್'. ಬಿಳಿಯ ಗುಲಾಮರೂ ಹೌದು, ವೈಟ್‌ನ ಗುಲಾಮರೂ ಹೌದು.

ಅದರಲ್ಲಿದ್ದದ್ದು ಬಹುಮಟ್ಟಿಗೆ ಲೆಕ್ಕ. ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನ, ಊಟಕ್ಕೆ ಬಿಡುವಿಲ್ಲ. ಗಂಟೆಗೆ ಮೂರು ನಾಲ್ಕು ಪೆನ್ಸ್. ಮೂರು ಪೆನ್ಸಿನ ಲೆಕ್ಕದಲ್ಲಿ ದಿನಕ್ಕೆ ಮೂರು ಷಿಲಿಂಗು. ಊಟದ ಬಿಡುವಿಲ್ಲವೆಂದರೆ ಏನರ್ಥವೆಂದು ವಾಚಕರು ಯೋಚಿಸಬೇಕು. ಅದೇ ಧೂಳಿನಲ್ಲಿ, ಅದೇ ಕೈಯಲ್ಲಿ ಬ್ರೆಡ್ಡು ಮುರಿದು ತಿನ್ನಬೇಕು. ಭಾನುವಾರದ ದೇವರು ಕುಲುಮೆಯ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದನೆಂದೇ ಹೇಳಬೇಕು. ಪುಸ್ತಕ ಹೊರಬಿದ್ದದ್ದೇ ತಡ ಗ್ಲಾಸ್ಗೋದಲ್ಲಿ ಕೋಲಾಹಲವಾಯಿತು. ಕಾರ್ಖಾನೆಯ ದಿನನಿತ್ಯದ ಆಡಳಿತ ಲಾರ್ಡ್ ಸಾಹೇಬರದಲ್ಲ, ಬಂಧುಗಳದು, ಎಂದು ಆತನ ಕಡೆಯವರು ಹೇಳಿದರು. ಇರಬಹುದು. ನನಗೆ ಆ ಮನುಷ್ಯ ಬರಿಯ ಕಪಟಿಯೆಂದು ಅನ್ನಿಸುವುದಿಲ್ಲ. ದಾನ ಕೊಡುವಾಗ ಅವನು ನಿಜವಾಗಿಯೇ ಕೊಡುತ್ತಿದ್ದ. ಮೂಗು ತೂತಾದವರನ್ನು ನೋಡದೆ ಇರಲು ಅವನಿಗೆ ಸಾಧ್ಯವಾಗಿತ್ತು, ಅಷ್ಟೆ. ಹಾರ್ಡಿಯ ಗದ್ದಲದಿಂದ ಕೂಲಿ ಒಂದಿಷ್ಟು ಏರಿತು, ಭಾನುವಾರದ ಕೆಲಸ ಒಂದಿಷ್ಟು ಇಳಿಯಿತು. ತೂತುಗಳು ಮುಚ್ಚಲಿಲ್ಲ, ಮುಚ್ಚುವ ಜಾತಿಯವಲ್ಲ ಅವು.

ಆ ತೂತುಗಳನ್ನು ಎಣಿಸಿದವನು ಥಾಮಸ್ ಲೆಗ್. 1898ರಲ್ಲಿ ಬ್ರಿಟಿಷ್ ಸರ್ಕಾರ ಅವನನ್ನು ಕಾರ್ಖಾನೆಗಳ ಮೊದಲ ವೈದ್ಯಾಧಿಕಾರಿಯನ್ನಾಗಿ ನೇಮಿಸಿತು. ಕ್ರೋಮ್ ಕೆಲಸದ 176 ಜನರ ಮೂಗನ್ನು ಅವನು ನೋಡಿದ. 126 ಜನರಲ್ಲಿ ಗೋಡೆ ತೂತಾಗಿತ್ತು. ಹತ್ತರಲ್ಲಿ ಏಳು ಮಂದಿ! ಕ್ಯುಮಿನ್ ಬರೆದು ಆಗ ಮುಕ್ಕಾಲು ಶತಮಾನ ಸಂದಿತ್ತು. ಒಡೆಯ ತನ್ನ ಪಾಲಿನದನ್ನೆಲ್ಲ ಮಾಡುವವರೆಗೆ ಕೂಲಿಯವನು ತನ್ನನ್ನು ಕಾಪಾಡಿಕೊಳ್ಳಲು ಮಾಡಬಹುದಾದದ್ದು ಏನೂ ಇಲ್ಲವೆಂದೇ ಹೇಳಬಹುದು ಎಂಬ ನಿಲುವಿಗೆ ಲೆಗ್ ಬಂದದ್ದು ಇಂಥ ಮೂಗುಗಳನ್ನು ನೋಡಿಯೇ ಇರಬೇಕು. 1926ರಲ್ಲಿ, ಸೀಸದ ಬಣ್ಣದ ವಿಷಯದಲ್ಲಿ ಸರ್ಕಾರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬೆನ್ನು ತಿರುಗಿಸಿದಾಗ, ಅವನು ರಾಜೀನಾಮೆ ಕೊಟ್ಟು ಹೊರಬಂದ. ಅಧಿಕಾರಿಗಳಲ್ಲಿ ಅಂಥವರು ಅಪರೂಪ.

ಇಷ್ಟರಲ್ಲಿ ಕ್ರೋಮಿಯಂ ಹೊಸ ವೇಷ ತೊಟ್ಟಿತು. 1920ರ ದಶಕದಲ್ಲಿ ಮೋಟಾರು ಕಾರುಗಳ ಹೊಳಪಿಗೆ ಕ್ರೋಮಿಯಂ ಪ್ಲೇಟಿಂಗ್ ಬಂತು. ತೊಟ್ಟಿಯಲ್ಲಿ ಕ್ರೋಮಿಕ್ ಆಮ್ಲ, ಜತೆಗೆ ಚೂರು ಗಂಧಕಾಮ್ಲ. ವಿದ್ಯುತ್ತು ಹರಿಸಿದರೆ ಲೋಹ ಅಂಟುತ್ತದೆ. ಆದರೆ ಹರಿಸಿದ ವಿದ್ಯುತ್ತಿನ ಬಹುಪಾಲು ಲೋಹ ಅಂಟಿಸುವುದಕ್ಕಲ್ಲ, ನೀರನ್ನು ಒಡೆದು ಅನಿಲದ ಗುಳ್ಳೆ ಏಳಿಸುವುದಕ್ಕೇ ಖರ್ಚು. ಗುಳ್ಳೆ ಒಡೆದಾಗ ಆಮ್ಲದ ನವಿರು ತುಂತುರು ಮೇಲೇಳುತ್ತದೆ. ತೊಟ್ಟಿಯ ಮೇಲೆ ಬಗ್ಗಿದವನ ಮೂಗು ಅದಕ್ಕೆ ನೇರ ದಾರಿ. ಹ್ಯಾಂಡಲಿನ ಮೇಲೆ ಕಡೆಗೆ ಕೂರುವ ಕ್ರೋಮಿಯಂ ಪದರವೋ, ಕೂದಲೆಳೆಯ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. 1928ರಲ್ಲೇ ಅಮೆರಿಕದ ಬ್ಲೂಮ್‌ಫೀಲ್ಡ್ ಮತ್ತು ಬ್ಲಮ್ ಪ್ಲೇಟಿಂಗ್ ಕೋಣೆಗಳ ಗಾಳಿಯನ್ನು ಅಳೆದು, 10 ಘನ ಮೀಟರಿಗೆ ಒಂದು ಮಿಲಿಗ್ರಾಂ ಮೀರಿದರೆ ಮೂಗಿಗೆ ಅಪಾಯವೆಂದು ತೋರಿಸಿದರು. 1931ರಲ್ಲಿ ಬ್ರಿಟನ್ ನಿಯಮ ಮಾಡಿತು: ತೊಟ್ಟಿಯ ಅಂಚಿನಲ್ಲೇ ಹಬೆಯನ್ನು ಎಳೆದುಕೊಳ್ಳುವ ಕೊಳವೆ, ಕೈಗವಸು, ಮುಲಾಮು, ಕೈ ಮೂಗುಗಳ ನಿಯತ ತಪಾಸಣೆ. ಮಾವ ಕೆಲಸಕ್ಕೆ ಸೇರಿದ್ದು 1958ರಲ್ಲಿ.

ನಮ್ಮ ನಾಡು ಕ್ರೋಮಿಯಂಗೆ ಹೊಸದಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತ, ಬೈರಾಪುರದಲ್ಲಿ, ಅದರ ಅದಿರು ನೆಲದಲ್ಲೇ ಉಂಟು. ಮದರಾಸಿನಲ್ಲಿ ಆಲ್ಫ್ರೆಡ್ ಚ್ಯಾಟರ್ಟನ್ ಕ್ರೋಮಿನಿಂದ ಚರ್ಮ ಹದಮಾಡುವುದನ್ನು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಶುರುಮಾಡಿದ. ಅವನ ಉದ್ದೇಶಗಳಲ್ಲೊಂದು ಕಪಿಲೆಯ ಬಾನಿ ನೀರಿನಲ್ಲಿ ಕೊಳೆಯದೆ ಹೆಚ್ಚು ದಿನ ಬಾಳಲಿ ಎಂಬುದು. ಮುಂದೆ 1912ರಲ್ಲಿ ಅವನೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. ಕಾನೂನಿಗೂ ಬರವಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿ, ವೈದ್ಯರೂ ಮಾಲೀಕರೂ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ, ಕ್ರೋಮ್ ಹುಣ್ಣು ಹೆಸರು ಹಿಡಿದೇ ಸೇರಿತ್ತು. ಆದರೆ ವಿದ್ಯುತ್ತು ಬಳಸುವ ಕಡೆ ಹತ್ತು ಜನರಾದರೂ ಇದ್ದರೆ ಮಾತ್ರ ಆ ಕಾಯಿದೆಯ ಪ್ರಕಾರ ಅದು ಕಾರ್ಖಾನೆ. ಮಾವನ ಗಲ್ಲಿಯಲ್ಲಿ ಎಂಟು ಜನ ಇದ್ದರು. ಯಾರೋ ಒಬ್ಬ ಒಂಬತ್ತನೆಯವನು ಬಂದಾಗಲೆಲ್ಲ ಇನ್ನೊಬ್ಬನಿಗೆ ಲೆಕ್ಕ ತೀರಿಸುತ್ತಿದ್ದರಂತೆ. ಮಾವ ಇದನ್ನು ಮಾಲೀಕರ ಜಾಣತನವೆಂದು ಮೆಚ್ಚುಗೆಯಿಂದಲೇ ಹೇಳುತ್ತಿದ್ದರು.

ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ನಾನು ಅಲ್ಲಿಗೆ ಹೋದೆ. ಮಾಲೀಕರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಚೀಟಿ ಓದಿ, "ನಿಮ್ಮ ಮಾವನಿಗೆ ಮೊದಲಿನಿಂದಲೂ ನೆಗಡಿ ಶರೀರ" ಎಂದರು. ಹಾಜರಿ ಪುಸ್ತಕ ತೋರಿಸಿ ಎಂದೆ. ಅದರಲ್ಲಿ ಮಾವನ ಹೆಸರು ಹಿಂದಿನ ಎರಡು ವರ್ಷದ್ದು ಮಾತ್ರ ಇತ್ತು. ಹತ್ತೊಂಬತ್ತು ವರ್ಷದ ಕೆಲಸಕ್ಕೆ ಸಾಕ್ಷಿಯಾಗಿ ನನ್ನ ಬಳಿ ಇದ್ದದ್ದು ಒಂದು ಸೈಕಲ್ಲಿನ ಹ್ಯಾಂಡಲು. ನಾನು ಕಾಫಿ ಕುಡಿದು ಎದ್ದು ಬಂದೆ. ಆ ಕಾಫಿಯನ್ನು ಯಾಕೆ ಕುಡಿದೆನೆಂದು ಈಗಲೂ ನನಗೆ ನಾಚಿಕೆಯಾಗುತ್ತದೆ.

ತೂತು ಅಷ್ಟಕ್ಕೇ ನಿಲ್ಲುವ ಕತೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗ್ಲಾಸ್ಗೋದವನೇ ಆದ ಡೇವಿಡ್ ನ್ಯೂಮನ್ ಎಂಬ ವೈದ್ಯ 1890ರಲ್ಲಿ ಕ್ರೋಮ್ ಬಣ್ಣದ ಕೆಲಸಗಾರನೊಬ್ಬನ ಮೂಗಿನಲ್ಲಿ, ತೂತಿನ ಜತೆಗೆ, ಕ್ಯಾನ್ಸರ್ ಗಡ್ಡೆ ಕಂಡು ವರದಿ ಮಾಡಿದ್ದ. 1948ರಲ್ಲಿ ಅಮೆರಿಕದ ಕ್ರೋಮೇಟ್ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮಿಕ್ಕವರಿಗಿಂತ ಬಹಳ ಹೆಚ್ಚೆಂದು ಅಂಕಿಗಳು ಹೇಳಿದವು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ನಿಸ್ಸಂದೇಹವಾಗಿ ಸಾರಿತು. ನಮ್ಮ ಮಾವ ಅದರಿಂದ ಪಾರಾದರು. ಅದೃಷ್ಟ ಎನ್ನೋಣ.

ಷಾಫೀಲ್ಡ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಅದರ ಕಸವನ್ನು ಸುತ್ತಲಿನ ಹಳ್ಳಕೊಳ್ಳಗಳಿಗೆ ತುಂಬಿದ್ದರು. ಮೇಲೆ ಆಟದ ಬಯಲು, ಮನೆ ಬಂದವು. 2021ರಲ್ಲಿ ಅಲ್ಲಿನ ಪೋಲ್ಮಡಿ ತೊರೆಯ ನೀರು ಒಂದು ದಿನ ಕಣ್ಣು ಕುಕ್ಕುವ ಹಸಿರಾಗಿ ಹರಿದು ಜನ ಬೆಚ್ಚಿದರು. ದೂರದ ಮಾತೇಕೆ, ನಮ್ಮ ಮದರಾಸು ದಾರಿಯ ರಾಣಿಪೇಟೆಯಲ್ಲಿ 1995ರಲ್ಲಿ ಮುಚ್ಚಿದ ಒಂದು ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಕಸವೇ ಒಂದು ಲಕ್ಷ ಟನ್ನಿಗೆ ಮೀರಿದ್ದು.

ಈ ಸ್ಕಾಟ್ಲೆಂಡಿನ ವೃತ್ತಾಂತವನ್ನೆಲ್ಲ ನಾನು ಓದಿ ಮುಗಿಸಿದ್ದು ತೊಂಬತ್ತರ ದಶಕದಲ್ಲಿ. ಮಾವ ಆಗ ಇನ್ನೂ ಇದ್ದರು. ಜಗಲಿಯ ಮೇಲೆ ಕುಳಿತು ಪೇಪರು ಓದುತ್ತಿದ್ದರು, ವಾಸನೆ ತಿಳಿಯುತ್ತಿರಲಿಲ್ಲವಾದ್ದರಿಂದ ಅತ್ತೆ ಹುಳಿ ಕುದಿಸುತ್ತಿದ್ದಾಳೋ ಸಾರೋ ಎಂದು ಕೂಗಿ ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಲಾರ್ಡ್ ಓವರ್‌ಟೌನ್, ಕೀರ್ ಹಾರ್ಡಿ, 176 ಮೂಗು, ಎಕ್ಕದ ಗಿಡ, ಎಲ್ಲವನ್ನೂ ಹೇಳಿದೆ. ಅವರು ಪೇಪರು ಮಡಿಸಿಟ್ಟು ಪೂರ್ತಿ ಕೇಳಿದರು. ನಶ್ಯದ ಕತೆಗೆ ತಲೆದೂಗಿ, "ನಮ್ಮಮ್ಮನಿಗೆ ಗೊತ್ತಿದ್ದಿದ್ದರೆ ಡಬ್ಬಿ ಅವಳೇ ತಂದುಕೊಡ್ತಿದ್ದಳು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಗೆಣ್ಣುಗಳ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೇಳಿದರು:

"ಅವರಿಗೂ ರಾತ್ರಿ ಸಿಳ್ಳು ಬರ್ತಿತ್ತೇನೋ?"

"ಬಂದಿರಬೇಕು ಮಾವ" ಎಂದೆ.